ಕಾಫಿ ಕಣದಿಂದ ವಿಧಾನಸೌಧದವರೆಗೆ: ಕೊಡಗಿನಲ್ಲಿ ರಾಜ್ಯ ಸರ್ಕಾರ ನಿಜಕ್ಕೂ ಏನನ್ನು ತೀರ್ಮಾನಿಸುತ್ತದೆ?

ರಾಜ್ಯ ಬಜೆಟ್ ಮಂಡನೆಯಾದ ಮರುದಿನ ಮಡಿಕೇರಿಯಲ್ಲಾಗಲಿ, ಗೋಣಿಕೊಪ್ಪದಲ್ಲಾಗಲಿ ಓಡಾಡುವ ಪ್ರಶ್ನೆ ಒಂದೇ: ‘ಕೊಡಗಿಗೆ ಏನು ಕೊಟ್ರು?’ ಆಸ್ಪತ್ರೆಗೆ ಇಷ್ಟು, ರಸ್ತೆಗೆ ಇಷ್ಟು, ಆನೆ ತಡೆಯೋಕೆ ಇಷ್ಟು. ಪಟ್ಟಿ ಓದಿ ಮುಗಿಸಿ ‘ಏನೂ ಇಲ್ಲ ಬಿಡಿ’ ಅನ್ನುವುದೂ ರೂಢಿ. ಆದರೆ ಇಲ್ಲಿನ ಒಂದು ಕುಟುಂಬದ ವರ್ಷದ ಲೆಕ್ಕವನ್ನು ಮೇಲೆ ಕೆಳಗೆ ಮಾಡುವ ತೀರ್ಮಾನಗಳಲ್ಲಿ ಬಹಳಷ್ಟು ಆ ಬಜೆಟ್ ಭಾಷಣದಲ್ಲಿ ಇರುವುದೇ ಇಲ್ಲ. ಕೆಲವು ದೆಹಲಿಯಲ್ಲಿ ಆಗುತ್ತವೆ. ಕೆಲವು ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಆಗುತ್ತವೆ, ಅಥವಾ ಆಗದೆ ಉಳಿಯುತ್ತವೆ.

ಹಾಗಾಗಿ ಬೆಲೆ ಏರಿದಾಗ, ನೋಟಿಸ್ ಬಂದಾಗ, ಕೆಲಸ ಸಿಗದಿದ್ದಾಗ ‘ಸರ್ಕಾರ ಹೀಗ್ ಮಾಡ್ತು’ ಅನ್ನುತ್ತೇವಲ್ಲ, ಆ ಸರ್ಕಾರ ಯಾವುದು ಅಂತ ಬಿಡಿಸಿ ನೋಡೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೊಡಗಿನ ಮೇಲೆ ಬೆಂಗಳೂರಿನ ಹಿಡಿತ ಇರುವುದು ಹೆಚ್ಚಿನ ತೆರಿಗೆ ದರಗಳಲ್ಲಿ ಅಲ್ಲ. ಡೀಸೆಲ್, ಜಮೀನಿನ ದಾಖಲೆ ಮತ್ತು ಅನುಮತಿ ಪತ್ರ, ಈ ಮೂರರಲ್ಲಿ. ಉದ್ಯೋಗದ ಪ್ರಶ್ನೆಯೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಜಿಎಸ್‌ಟಿ: ಕರ್ನಾಟಕದ್ದು ಒಂದು ಮತ ಅಷ್ಟೇ

2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅಲ್ಲಿಯವರೆಗೆ ಹೆಚ್ಚಿನ ಸರಕುಗಳಿಗೆ ವ್ಯಾಟ್ ಎಷ್ಟು ಅಂತ ರಾಜ್ಯವೇ ತೀರ್ಮಾನಿಸುತ್ತಿತ್ತು. ಈಗ ಆ ಕೆಲಸ ಜಿಎಸ್‌ಟಿ ಮಂಡಳಿಯದು. ಮಂಡಳಿಯಲ್ಲಿ ಮೂರನೇ ಒಂದು ಪಾಲು ಮತ ಕೇಂದ್ರದ್ದು. ಉಳಿದ ಎರಡು ಪಾಲನ್ನು ಎಲ್ಲ ರಾಜ್ಯಗಳು ಹಂಚಿಕೊಳ್ಳುತ್ತವೆ. ಒಂದು ತೀರ್ಮಾನ ಪಾಸಾಗಬೇಕಾದರೆ ನಾಲ್ಕನೇ ಮೂರು ಪಾಲು ಮತ ಬೇಕು. ಅಂದರೆ ಕೇಂದ್ರ ಒಪ್ಪದೆ ಏನೂ ಆಗುವುದಿಲ್ಲ, ಕೇಂದ್ರವೊಂದೇ ಏನೂ ಮಾಡಲಾಗುವುದಿಲ್ಲ. ಕಾಫಿ ಪುಡಿಯ ತೆರಿಗೆ ಇಳಿಸಿ ಅಂತ ಮುಖ್ಯಮಂತ್ರಿಗೆ ಮನವಿ ಕೊಟ್ಟರೆ, ಅವರು ಹೆಚ್ಚೆಂದರೆ ಅದನ್ನು ಮಂಡಳಿಯ ಸಭೆಗೆ ಒಯ್ಯಬಹುದು.

ಹುರಿಯದ ಹಸಿ ಬೀಜಕ್ಕೆ ಜಿಎಸ್‌ಟಿ ಇಲ್ಲ. ಹುರಿದು ಪುಡಿ ಮಾಡಿದ ಕಾಫಿಗೆ 5%. ಇನ್‌ಸ್ಟಂಟ್ ಕಾಫಿಗೆ 18% ಇತ್ತು, 2025ರ ಸೆಪ್ಟೆಂಬರ್ 22ರಿಂದ 5%ಕ್ಕೆ ಇಳಿಯಿತು. ಈ ಇಳಿಕೆಯನ್ನೂ ಬೆಂಗಳೂರು ಒಂದೇ ಮಾಡಲು ಆಗುತ್ತಿರಲಿಲ್ಲ.

ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ತಿಳಿಯಲು ಕರಿಮೆಣಸಿನ ಕತೆಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಕಾಫಿ ತೋಟದ ನೆರಳು ಮರಗಳಿಗೆ ಹಬ್ಬಿದ ಬಳ್ಳಿಯಿಂದ ಮೆಣಸು ಕುಯ್ದು, ಗೆರೆಯಿಂದ (ತೆನೆಯಿಂದ) ಕಾಳು ಬಿಡಿಸಿ, ಕಣದಲ್ಲಿ ಒಣಗಿಸಿ ಮಾರುವುದು ಇಲ್ಲಿನ ಪ್ರತಿ ಮನೆಯ ಕೆಲಸ. ಒಣ ಮೆಣಸಿಗೆ 5% ಜಿಎಸ್‌ಟಿ ಇದೆ. ಬೆಳೆದವನೇ ಒಣಗಿಸಿ ಮಾರಿದರೂ ಅದು ಅನ್ವಯಿಸುತ್ತದಾ? ಕಾನೂನಿನ ಪ್ರಕಾರ ಕೃಷಿಕ ತನ್ನ ಜಮೀನಿನ ಬೆಳೆ ಮಾರಲು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಆದರೆ ಒಣಗಿಸಿದ ಮೇಲೂ ಅದು ‘ಬೆಳೆ’ಯೋ, ಇಲ್ಲಾ ‘ಸಂಸ್ಕರಿಸಿದ ಸರಕೋ’ ಎಂಬ ತಕರಾರು ಎದ್ದಿತು. ಒಂದು ಲಕ್ಷ ರೂಪಾಯಿ ಮೆಣಸಿಗೆ 5 ಸಾವಿರದ ಪ್ರಶ್ನೆ. ಸಣ್ಣದಲ್ಲ. ಹಸಿ ಮೆಣಸನ್ನು ಒಣಗಿಸದೆ ಇಟ್ಟರೆ ಬೂಸ್ಟು ಹಿಡಿಯುತ್ತದೆ ಅಂತ ಗೊತ್ತಿರುವ ಯಾರಿಗೂ ಈ ತಕರಾರು ಹುಟ್ಟುತ್ತಿರಲಿಲ್ಲ, ಅದು ಬೇರೆ ಮಾತು. ಕೊನೆಗೆ 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಮಂಡಳಿಯ 55ನೇ ಸಭೆ ವಿಷಯವನ್ನು ಸ್ಪಷ್ಟಪಡಿಸಿತು: ಹಸಿಯಾಗಲಿ ಒಣಗಿದ್ದಾಗಲಿ, ಕೃಷಿಕನೇ ಮಾರಿದ ಮೆಣಸಿಗೆ ಜಿಎಸ್‌ಟಿ ಇಲ್ಲ.

ಇಲ್ಲಿ ಒಂದು ಕೊಕ್ಕೆ ಇದೆ, ಬಹಳ ಜನ ಗಮನಿಸಿಲ್ಲ. ಕಾನೂನಿನಲ್ಲಿ ‘ಕೃಷಿಕ’ ಎಂದರೆ ಒಬ್ಬ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾತ್ರ. ಅಣ್ಣ ತಮ್ಮ ಸೇರಿ ತೋಟವನ್ನು ಪಾಲುದಾರಿಕೆ ಸಂಸ್ಥೆ ಮಾಡಿಕೊಂಡಿದ್ದರೆ, ಕಂಪನಿ ಹೆಸರಲ್ಲಿ ಇಟ್ಟಿದ್ದರೆ, ಈ ವಿನಾಯಿತಿ ಸಿಗುವುದಿಲ್ಲ. ಅದೇ ಬಳ್ಳಿ, ಅದೇ ಕಣ, ಆದರೆ ಬಿಲ್ಲಿನ ಮೇಲಿನ ಹೆಸರು ಬೇರೆ. ಲೆಕ್ಕಪತ್ರ ನೋಡುವವರ ಹತ್ತಿರ ಇದನ್ನು ಒಮ್ಮೆ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಹುರಿದಷ್ಟೂ ತೆರಿಗೆ

ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದ ಪ್ರಕಾರ ರಾಜ್ಯದ್ದು. ಕರ್ನಾಟಕ 1957ರಲ್ಲಿ ಅದಕ್ಕೊಂದು ಕಾಯ್ದೆಯನ್ನೂ ಮಾಡಿತ್ತು. ಹಳೆಯ ಬೆಳೆಗಾರರ ಬಾಯಲ್ಲಿ ‘ಅಗ್ರಿ ಟ್ಯಾಕ್ಸ್’ ಮಾತು ಇನ್ನೂ ಬರುತ್ತದೆ. ಕೇಂದ್ರದ ಆದಾಯ ತೆರಿಗೆಯಿಂದ ಕೃಷಿ ಆದಾಯಕ್ಕೆ ವಿನಾಯಿತಿ ಇದೆ.

ಆದರೆ ಕಾಫಿಗೆ ಈ ವಿನಾಯಿತಿ ಪೂರ್ತಿ ಅಲ್ಲ. ಬೆಳೆಗಾರರಿಗೆ ‘7ಬಿ’ ಎಂದೇ ಪರಿಚಯವಾಗಿರುವ ನಿಯಮ ಹೀಗೆ ಹೇಳುತ್ತದೆ. ಬೆಳೆದ ಕಾಫಿಯನ್ನು ಕ್ಯೂರಿಂಗ್ (ಒಣಗಿದ ಕಾಯಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವುದು) ಮಾಡಿಸಿ ಮಾರಿದರೆ ಬಂದ ಆದಾಯದಲ್ಲಿ 25% ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ 40%. ಖರ್ಚು ಕಳೆದು 10 ಲಕ್ಷ ಉಳಿಯಿತು ಅಂದುಕೊಳ್ಳಿ. ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಹಣ್ಣನ್ನು, ಕಣದಲ್ಲಿ ಒಣಗಿಸಿ ಹಾಗೇ ಮಾರಿದ್ದರೆ ಅಷ್ಟೂ ಕೃಷಿ ಆದಾಯ. ಕ್ಯೂರಿಂಗ್ ಮಾಡಿಸಿ ಮಾರಿದ್ದರೆ ಎರಡೂವರೆ ಲಕ್ಷ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಸ್ವಂತ ಬ್ರ್ಯಾಂಡ್ ಮಾಡಿ ಪೊಟ್ಟಣ ಕಟ್ಟಿ ಮಾರಿದ್ದರೆ 4 ಲಕ್ಷ.

ಪುಡಿ ಮಾಡಿ ಮಾರುವುದು ವ್ಯಾಪಾರವೇ, ತೆರಿಗೆ ಬೀಳುವುದು ತಪ್ಪೇನಲ್ಲ. ಆದರೆ ‘ಮೌಲ್ಯವರ್ಧನೆ ಮಾಡಿ, ಸ್ವಂತ ಉದ್ಯಮ ಕಟ್ಟಿ’ ಎಂಬ ಭಾಷಣ ಕೇಳಿ ಪುಡಿ ಮೆಷಿನ್ ಕೊಳ್ಳುವ ಯುವಕರಿಗೆ ಈ ಲೆಕ್ಕವನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಾಫಿ ಮಂಡಳಿಯೂ ಕೇಂದ್ರದ ವಾಣಿಜ್ಯ ಸಚಿವಾಲಯದ ಅಡಿಯಲ್ಲಿದೆ. 1942ರ ಕಾಯ್ದೆಯಡಿ ಬೆಳೆಯನ್ನೆಲ್ಲ ಮಂಡಳಿಯ ಪೂಲ್‌ಗೆ (ಒಟ್ಟು ಸಂಗ್ರಹಕ್ಕೆ) ಕೊಡಬೇಕಿದ್ದ ಕಾಲ 1996ಕ್ಕೆ ಪೂರ್ತಿ ಮುಗಿಯಿತು. ಅಂದಿನಿಂದ ಬೆಲೆ ಲಂಡನ್, ನ್ಯೂಯಾರ್ಕ್ ಮಾರುಕಟ್ಟೆಗಳ ಬೆನ್ನು ಹತ್ತಿದೆ. ದೇಶದ ಕಾಫಿಯಲ್ಲಿ ಸುಮಾರು 70% ಕರ್ನಾಟಕದ್ದು, ಅತಿ ಹೆಚ್ಚು ಬೆಳೆಯುವ ಜಿಲ್ಲೆ ಕೊಡಗು. ಆದರೂ ಕಾಫಿ ವಿಷಯದಲ್ಲಿ ರಾಜ್ಯದ ಮಾತು ನಡೆಯುವುದು ತೋಟದ ಜಮೀನು ಮತ್ತು ತೋಟದ ಕೂಲಿಯಲ್ಲಿ ಮಾತ್ರ.

ಬೆಂಗಳೂರು ನೇರವಾಗಿ ಹಾಕುವ ತೆರಿಗೆಗಳು

ಹಾಗಾದರೆ ರಾಜ್ಯದ ಕೈಯಲ್ಲಿ ಏನುಳಿಯಿತು? ಪೆಟ್ರೋಲ್, ಡೀಸೆಲ್, ಮದ್ಯ, ಆಸ್ತಿ ನೋಂದಣಿ, ವಾಹನ ತೆರಿಗೆ, ವೃತ್ತಿ ತೆರಿಗೆ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ಇಟ್ಟುಕೊಂಡ ಗುರಿಯೇ 40,000 ಕೋಟಿ ರೂಪಾಯಿ. ಕೊಡಗಿನಲ್ಲಿ ಮದುವೆ ಖರ್ಚಿನ ಪಟ್ಟಿ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮಟ್ಟಿಗೆ ಇವುಗಳಲ್ಲಿ ಮುಖ್ಯವಾದದ್ದು ಡೀಸೆಲ್. ಕೊಡಗಿನಲ್ಲಿ ರೈಲು ಇಲ್ಲ. ಮೈಸೂರು–ಕುಶಾಲನಗರ ಮಾರ್ಗದ ಪ್ರಸ್ತಾಪ ಎಷ್ಟೋ ವರ್ಷಗಳಿಂದ ಕಡತದಲ್ಲಿದೆ. ಜಿಲ್ಲೆಗೆ ಇದುವರೆಗೆ ಬಂದಿರುವುದು ಹಳೆಯ ರೈಲ್ವೆ ಕಂಬಿಗಳು ಮಾತ್ರ, ಅವೂ ಆನೆ ತಡೆಯೋಕೆ. ಹಾಗಾಗಿ ಅಕ್ಕಿಯಿಂದ ಹಿಡಿದು ಗೊಬ್ಬರದವರೆಗೆ, ಸಿಮೆಂಟಿನಿಂದ ಹಿಡಿದು ಔಷಧಿಯವರೆಗೆ ಎಲ್ಲವೂ ಲಾರಿಯಲ್ಲೇ ಘಾಟಿ ಹತ್ತಬೇಕು. ಕಾಫಿ, ಮೆಣಸು, ಶುಂಠಿ ಲಾರಿಯಲ್ಲೇ ಇಳಿಯಬೇಕು.

2024ರ ಜೂನ್ 15ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 14.34%ನಿಂದ 18.44%ಕ್ಕೆ ಏರಿಸಿತು. ಪೆಟ್ರೋಲ್ ಮೇಲಿನದು 25.92%ನಿಂದ 29.84% ಆಯಿತು. 2025ರ ಏಪ್ರಿಲ್ 1ರಂದು ಡೀಸೆಲ್‌ನದ್ದು ಮತ್ತೆ ಏರಿ 21.17% ಆಯಿತು. ಎರಡೂ ಸೇರಿ ಲೀಟರಿಗೆ ಸುಮಾರು 5 ರೂಪಾಯಿ. ಸರ್ಕಾರದ ಉತ್ತರವೂ ಇದೆ: 2021ರ ನವೆಂಬರ್‌ಗೆ ಮುಂಚೆ ಈ ತೆರಿಗೆ 24% ಇತ್ತು, ಕೇರಳಕ್ಕಿಂತ ನಮ್ಮಲ್ಲಿ ಈಗಲೂ ಕಡಿಮೆ. ಎರಡೂ ನಿಜ. ಗಡಿ ದಾಟಿ ಬರುವ ಕೇರಳದ ಗಾಡಿಗಳು ಕುಟ್ಟದ ಕಡೆ ಟ್ಯಾಂಕ್ ತುಂಬಿಸಿಕೊಳ್ಳುವುದಕ್ಕೂ ಇದೇ ಕಾರಣ.

ಆದರೆ ತೋಟದಲ್ಲಿ ನಿಂತು ನೋಡಿದರೆ ಲೆಕ್ಕ ಬೇರೆ. ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಮೊಗ್ಗು ಅರಳಲು ಒಂದು ಸುತ್ತು, ಕಾಯಿ ಕಚ್ಚಲು ಇನ್ನೊಂದು ಸುತ್ತು. ಕೆರೆ ದಂಡೆಯಲ್ಲಿ ಡೀಸೆಲ್ ಎಂಜಿನ್ ಹಗಲೂ ರಾತ್ರಿ ಓಡುತ್ತದೆ. ಪೈಪು ಬದಲಿಸಲು ಮೂರ್ನಾಲ್ಕು ಗಂಟೆಗೊಮ್ಮೆ ಜನ ಏಳಬೇಕು. 200 ಲೀಟರಿನ ಒಂದು ಬ್ಯಾರಲ್‌ಗೆ ಆ 5 ರೂಪಾಯಿ ಏರಿಕೆ ಅಂದರೆ 1,000 ರೂಪಾಯಿ ಜಾಸ್ತಿ. ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಈ ತೆರಿಗೆಯನ್ನು ಮುಂದೆ ಯಾರ ಲೆಕ್ಕದಲ್ಲೂ ಹೊಂದಿಸಿಕೊಳ್ಳಲು ಬರುವುದಿಲ್ಲ. ಲಾರಿಯವನು ಬಾಡಿಗೆಗೆ ಸೇರಿಸುತ್ತಾನೆ, ಅಂಗಡಿಯವನು ಬೆಲೆಗೆ ಸೇರಿಸುತ್ತಾನೆ, ಬೆಳೆಗಾರ ಸುಮ್ನೆ ನುಂಗುತ್ತಾನೆ. ಯಾಕೆಂದರೆ ಕಾಫಿಯ ಬೆಲೆ ಅವನ ಕೈಯಲ್ಲಿಲ್ಲ. ರೈಲು ಇರುವ ಜಿಲ್ಲೆಗೂ ಇಲ್ಲದ ಜಿಲ್ಲೆಗೂ ಡೀಸೆಲ್ ತೆರಿಗೆ ಒಂದೇ, ಆದರೆ ಹೊರೆ ಒಂದೇ ಅಲ್ಲ.

ಇನ್ನು ಆಸ್ತಿ ನೋಂದಣಿ. 2023ರ ಅಕ್ಟೋಬರ್ 1ರಂದು ರಾಜ್ಯದಾದ್ಯಂತ ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡುವ ಕನಿಷ್ಠ ಬೆಲೆ, ಏರಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ನಿಂದ 2% ಆಯಿತು. 50 ಲಕ್ಷದ ಜಾಗಕ್ಕೆ 50 ಸಾವಿರ ಕಟ್ಟುತ್ತಿದ್ದಲ್ಲಿ ಈಗ 1 ಲಕ್ಷ, ಮುದ್ರಾಂಕ ಶುಲ್ಕ ಬೇರೆ. ವೃತ್ತಿ ತೆರಿಗೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ತಿಂಗಳಿಗೆ 25 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಸಂಬಳ ಇದ್ದರೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300. ವರ್ಷಕ್ಕೆ 2,500. ಸಂವಿಧಾನ ಇಟ್ಟಿರುವ ಮಿತಿಯೇ ಅಷ್ಟು. ಕೂಡ್ಲೂರು ಕೈಗಾರಿಕಾ ಪ್ರದೇಶದ ಕ್ಯೂರಿಂಗ್ ಘಟಕದಲ್ಲಿ ಬೀಜ ಆರಿಸುವ ಕೂಲಿಯ ಹೆಂಗಸರಿಗೆ ಇದು ತಾಗುವುದಿಲ್ಲ.

ಯುಪಿಐ ನೋಟಿಸ್

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಕ್ಯೂಆರ್ ಕೋಡ್ ಚೀಟಿಗಳನ್ನು ಅಂಗಡಿಯವರು ಕಿತ್ತು ಹಾಕತೊಡಗಿದರು. ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಬರಹಗಳು ಕಂಡವು. ಹಾಲು, ತರಕಾರಿ ಮಾರುವವರಿಗೂ ನೋಟಿಸ್ ಹೋಗಿತ್ತು. ಗಲಾಟೆ ಜೋರಾದ ಮೇಲೆ ಮುಖ್ಯಮಂತ್ರಿ ಸಭೆ ಕರೆದು, ಹಳೆಯ ಬಾಕಿಗೆ ಒತ್ತಾಯ ಇಲ್ಲ ಎಂದರು.

ಇಲ್ಲಿ ಗೊಂದಲ ಆದದ್ದು ಎರಡು ವಿಷಯ ಒಂದರೊಳಗೊಂದು ಸೇರಿಕೊಂಡಿದ್ದರಿಂದ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷದ ವಹಿವಾಟು ದಾಟಿದರೆ ನೋಂದಣಿ ಬೇಕು. ಇದು ದೇಶದ ಕಾನೂನು. ಆದರೆ ಅದನ್ನು ಯಾರ ಮೇಲೆ, ಯಾವಾಗ, ಯಾವ ದಾಖಲೆ ಹಿಡಿದು ಜಾರಿ ಮಾಡಬೇಕು ಎಂಬುದು ರಾಜ್ಯದ ಇಲಾಖೆಯ ತೀರ್ಮಾನ. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ್ದಲ್ಲ. ತಮ್ಮ ಕಳಿಸಿದ ಸಾಲದ ಹಣವೂ ಅದೇ ಖಾತೆಗೆ ಬರುತ್ತದೆ, ತೆರಿಗೆ ಇಲ್ಲದ ಸರಕಿನ ಹಣವೂ ಬರುತ್ತದೆ. ಕುಶಾಲನಗರದ ರಸ್ತೆ ಬದಿ ಅಂಗಡಿಯವರಿಗೆ ನನ್ನ ಸಲಹೆ ಇಷ್ಟೇ: ಕ್ಯೂಆರ್ ಕೋಡ್ ಕೀಳಬೇಡಿ, ವ್ಯಾಪಾರಕ್ಕೊಂದು ಮನೆಗೊಂದು ಅಂತ ಎರಡು ಖಾತೆ ಇಡಿ. ವಹಿವಾಟು ಮಿತಿ ದಾಟುತ್ತಿದ್ದರೆ ಕಾಂಪೋಸಿಶನ್ ಯೋಜನೆ ಇದೆ. ಅದರಲ್ಲಿ ಕಟ್ಟಬೇಕಾದದ್ದು ವ್ಯಾಪಾರಿಗೆ ವಹಿವಾಟಿನ 1%, ಹೋಟೆಲಿಗೆ 5%. ಆದರೆ ಅದನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ.

ಹೋಂಸ್ಟೇ: ಒಂದು ಕೋಣೆ, ಎಷ್ಟೊಂದು ಕಾಗದ

ಕಾಫಿ ಬೆಲೆ ಬಿದ್ದಿದ್ದ ವರ್ಷಗಳಲ್ಲಿ ಕೊಡಗಿನ ಎಷ್ಟೋ ಮನೆಗಳನ್ನು ಹಿಡಿದು ನಿಲ್ಲಿಸಿದ್ದು ಹೋಂಸ್ಟೇ. ಇಲ್ಲಿ ತೆರಿಗೆ ಹಗುರವೇ. 20 ಲಕ್ಷದ ಒಳಗಿನ ವಹಿವಾಟಿಗೆ ಜಿಎಸ್‌ಟಿ ನೋಂದಣಿ ಬೇಡ. ನೋಂದಣಿ ಇಲ್ಲದವರ ಮನೆಗೆ ಬುಕಿಂಗ್ ಆ್ಯಪ್ ಮೂಲಕ ಅತಿಥಿ ಬಂದರೆ ಜಿಎಸ್‌ಟಿ ಕಟ್ಟುವ ಹೊಣೆ ಆ್ಯಪ್‌ನವರದ್ದು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ 12% ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 5% ಆಗಿದೆ.

ತೂಕ ಇರುವುದು ಕಾಗದಗಳಲ್ಲಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಆಗಬೇಕು. ಅದಕ್ಕೆ ಮುಂಚೆ ಪಂಚಾಯಿತಿಯಿಂದ ಆಕ್ಷೇಪಣೆ ಇಲ್ಲ ಎಂಬ ಪತ್ರ, ಪೊಲೀಸರಿಂದ ಇನ್ನೊಂದು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಬೇಕು. ಹೋಂಸ್ಟೇ ಎಂದರೆ ಮಾಲೀಕರು ವಾಸ ಇರುವ ಮನೆ ಎಂಬುದು ನಿಯಮದ ಮೂಲ. ಆದರೆ ಬೆಂಗಳೂರಿನಲ್ಲಿ ಕುಳಿತು, ಇಲ್ಲಿ ಒಬ್ಬ ಮ್ಯಾನೇಜರ್ ಇಟ್ಟು ನಡೆಸುವ ಮನೆಗಳೂ ಅದೇ ಬೋರ್ಡು ಹಾಕಿಕೊಂಡಿವೆ. ಮನೆಯ ಅಕ್ಕ ತಾನೇ ಕಡುಬು, ಕೋಳಿ ಸಾರು ಮಾಡಿ ಬಡಿಸುವ ಎರಡು ಕೋಣೆಯ ಮನೆಗೂ ಅದೇ ಪ್ರಕ್ರಿಯೆ, ಹತ್ತು ಕಾಟೇಜು ಕಟ್ಟಿದವರಿಗೂ ಅದೇ ಓಡಾಟ ಅಂದರೆ ನಿಯಮದ ಉದ್ದೇಶವೇ ಎಲ್ಲೋ ಕಳೆದುಹೋಗಿದೆ. ನಿಯಮ ಬೇಡ ಅಂತಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕಂಡವರು ಇಳಿಜಾರು ಅಗೆದು ಕಟ್ಟಡ ಎಬ್ಬಿಸಲು ಬಿಡಿ ಅನ್ನುವುದಿಲ್ಲ.

ಇದೇ ಕಾರಣಕ್ಕೆ ಭೂಪರಿವರ್ತನೆ ಕೊಡಗಿನ ದೊಡ್ಡ ಜಗಳ. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಅನುಮತಿ ಬೇಕು. ಇಷ್ಟಕ್ಕಿಂತ ಹೆಚ್ಚು ಜಮೀನು ಇರಬಾರದು ಎಂಬ ಭೂಮಿತಿ ಕಾಫಿ ತೋಟಗಳಿಗೆ ಅನ್ವಯಿಸುವುದಿಲ್ಲ. 2020ರ ಭೂ ಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹೀಗಾಗಿ ಹೊರಗಿನ ದುಡ್ಡನ್ನು ತಡೆಯುವ ಬಾಗಿಲು ಇಲ್ಲಿ ಉಳಿದಿರುವುದು ಈ ಭೂಪರಿವರ್ತನೆಯ ಅನುಮತಿ ಒಂದೇ. ಕಸ್ತೂರಿರಂಗನ್ ವರದಿ ಆಧರಿಸಿದ, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕೇಂದ್ರದ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಆ ಕರಡನ್ನು ತಿರಸ್ಕರಿಸಿತು. ಕೊಡಗಿನಲ್ಲೂ ವಿರೋಧ ಜೋರಾಗಿಯೇ ಇತ್ತು. ಆದರೆ ಕಸ್ತೂರಿರಂಗನ್ ವರದಿ ಬೇಡ ಅನ್ನುವವರೇ ಮರುದಿನ ರೆಸಾರ್ಟ್‌ಗೆ ಪರಿವರ್ತನೆ ಕೊಡಬೇಡಿ ಅಂತಲೂ ಮನವಿ ಕೊಡುತ್ತಾರೆ. ಎರಡಕ್ಕೂ ಕಾರಣ ಒಂದೇ. ನಮ್ಮ ಜಮೀನಿನ ತೀರ್ಮಾನ ನಮ್ಮ ಕೈಯಲ್ಲಿರಲಿ ಎಂಬ ಆಸೆ.

ಕೊಡಗಿನ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ತೊಡಕು ಬೇರೆಯೇ. ಎಷ್ಟೋ ಕುಟುಂಬಗಳ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಈಗಲೂ ಹಳೆಯ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ, ಹೆಸರೇ ಇದೆ. ಉಳುವವನು ಮೊಮ್ಮಗ, ದಾಖಲೆಯಲ್ಲಿ ಇರುವವರು ಅಜ್ಜ. ಪೌತಿ ಖಾತೆ (ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ದಾಖಲೆ ಬದಲಾವಣೆ) ಆಗದೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಸಾಲ ಇಲ್ಲದೆ ಯಂತ್ರ ಇಲ್ಲ. ಇದಕ್ಕೆ ಯಾವ ತೆರಿಗೆ ರಿಯಾಯಿತಿಯೂ ಮದ್ದಲ್ಲ.

ಕೆಲಸ: ಬೆಂಗಳೂರಿನ ಪ್ರಶ್ನೆ ಬೇರೆ, ನಮ್ಮದು ಬೇರೆ

2024ರ ಜುಲೈ 15ರಂದು ರಾಜ್ಯ ಸಂಪುಟ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ 50%, ಉಳಿದವುಗಳಲ್ಲಿ 70%. ಉದ್ಯಮದವರ ವಿರೋಧ ಬಂತು, ಎರಡೇ ದಿನದಲ್ಲಿ ತಡೆ ಹಿಡಿಯಿತು. ಹರಿಯಾಣದ ಇಂಥದ್ದೇ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿತ್ತು, ಹಾಗಾಗಿ ನಮ್ಮದೂ ಕೋರ್ಟಿನಲ್ಲಿ ನಿಲ್ಲುವುದು ಕಷ್ಟವಿತ್ತು.

ಬೆಂಗಳೂರಿನಲ್ಲಿ ಇದು ಕೆಲಸ ಇದ್ದೂ ಸಿಗದ ಪ್ರಶ್ನೆ. ಕೊಡಗಿನಲ್ಲಿ ತಿರುವು ಮುರುವು. ಜನವರಿಯಲ್ಲಿ ಕಾಫಿ ಕುಯ್ಯೋಕೆ ಆಳು ಸಿಗದೆ ಮಾಲೀಕರು ಒದ್ದಾಡುತ್ತಾರೆ. ಅಸ್ಸಾಂ, ಪಶ್ಚಿಮ ಬಂಗಾಳದಿಂದ ಬಂದವರಿಲ್ಲದೆ ಕುಯ್ಲು ಮುಗಿಯುವುದಿಲ್ಲ. ಇತ್ತ ಡಿಗ್ರಿ ಮುಗಿಸಿದ ಮಕ್ಕಳು ಮೈಸೂರು, ಬೆಂಗಳೂರು, ಸೇನೆ ಅಂತ ಹೊರಡುತ್ತಾರೆ. ಓದಿಗೆ ತಕ್ಕ ಕೆಲಸ ಊರಲ್ಲಿಲ್ಲ, ಊರಲ್ಲಿರುವ ಕೆಲಸಕ್ಕೆ ಮನಸ್ಸಿಲ್ಲ. ಮೀಸಲಾತಿ ಕಾಯ್ದೆ ಇದಕ್ಕೆ ಏನು ಮಾಡೀತು?

ತೋಟದ ಕೆಲಸವೂ ಎಂಥ ಕೆಲಸ ಅಂತ ನೋಡಬೇಕಲ್ವಾ. ಕನಿಷ್ಠ ಕೂಲಿ ನಿಗದಿ ಮಾಡುವುದು ರಾಜ್ಯ ಸರ್ಕಾರ. ಬೆಲೆ ಸೂಚ್ಯಂಕ ನೋಡಿ ತುಟ್ಟಿಭತ್ಯೆ ಪರಿಷ್ಕರಿಸುವುದೂ ಅದೇ. ಅದರಾಚೆಗಿನ ಲೈನ್ ಮನೆ (ತೋಟದೊಳಗಿನ ಕಾರ್ಮಿಕರ ಸಾಲು ಮನೆ), ಚಿಕಿತ್ಸೆ, ಶಿಶುವಿಹಾರ ಎಲ್ಲವನ್ನೂ ಕೊಡಿಸಿದ್ದು 1951ರ ತೋಟ ಕಾರ್ಮಿಕರ ಕಾಯ್ದೆ. 5 ಹೆಕ್ಟೇರ್, ಅಂದರೆ ಹನ್ನೆರಡೂ ಕಾಲು ಎಕರೆಯಷ್ಟು ಜಾಗ ಮತ್ತು 15 ಕಾರ್ಮಿಕರು ಇರುವ ತೋಟಕ್ಕೆ ಅದು ಅನ್ವಯವಾಗುತ್ತಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕಾರ್ಮಿಕ ಸಂಹಿತೆಗಳು ಬಂದಿವೆ. ದೇಶದ ಕಾಫಿ ಬೆಳೆಗಾರರಲ್ಲಿ 98%ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿನ ಒಳಗಿನವರು. ಅವರಲ್ಲೂ ಬಹುಪಾಲು ಇನ್ನೂ ಸಣ್ಣವರು. ಅಂದರೆ ಕೊಡಗಿನ ಹೆಚ್ಚಿನ ತೋಟಗಳ ಆಳುಗಳಿಗೆ ಕಾಗದದ ಮೇಲೆ ಕನಿಷ್ಠ ಕೂಲಿ ಬಿಟ್ಟರೆ ಬೇರೆ ರಕ್ಷಣೆ ತೀರಾ ಕಡಿಮೆ. ಯರವ, ಜೇನುಕುರುಬ ಕುಟುಂಬಗಳು ತಲೆಮಾರುಗಳಿಂದ ಲೈನ್ ಮನೆಯಲ್ಲೇ ಇವೆ. ಸ್ವಂತ ಮನೆಯ ಅಡಿಯ ಜಾಗವೂ ಹೆಸರಿನಲ್ಲಿಲ್ಲ. ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಕಾನೂನು ತಿದ್ದಲು ಸಾಧ್ಯವಾದ ರಾಜ್ಯಕ್ಕೆ, ಇವರಿಗೆ ಮನೆ ಜಾಗ ಕೊಡುವುದು ಯಾಕೆ ಇಷ್ಟು ನಿಧಾನ ಎಂಬ ಪ್ರಶ್ನೆ ಕಹಿ, ಆದರೆ ಕೇಳಲೇಬೇಕು.

2025–30ರ ಕೈಗಾರಿಕಾ ನೀತಿ ಏಳೂವರೆ ಲಕ್ಷ ಕೋಟಿ ಬಂಡವಾಳ, 20 ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡಿದೆ. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳಿರುವ ಜಿಲ್ಲೆಗೆ ದೊಡ್ಡ ಕಾರ್ಖಾನೆ ಬರುವುದಿಲ್ಲ, ಬರಲೂಬಾರದು. ಯುವನಿಧಿಯಡಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ಸಿಗುತ್ತದೆ, ಎರಡು ವರ್ಷದವರೆಗೆ. ಅದು ಕೆಲಸ ಹುಡುಕುವಾಗಿನ ಆಸರೆ ಅಷ್ಟೆ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಖಾಸಗಿ ಬಸ್ಸನ್ನೇ ನಂಬಿರುವ ಒಳಹಳ್ಳಿಯ ಹೆಂಗಸರು ಕೆಲಸಕ್ಕೆ ಹೋಗಲು ಇಂದಿಗೂ ಟಿಕೆಟ್ ತೆಗೆಯುತ್ತಾರೆ.

ಇಲ್ಲಿ ಹುಟ್ಟಬಹುದಾದ ಕೆಲಸ ಸಣ್ಣ ಘಟಕಗಳದ್ದು. ಸಿದ್ದಾಪುರದ ಕಡೆಯ ಒಬ್ಬ ಹುಡುಗಿ ಮನೆ ತೋಟದ ರೊಬಸ್ಟಾ ಹುರಿದು ಪುಡಿ ಮಾಡಿ ಮಾರಬೇಕು, ನಾಲ್ಕು ಜನರಿಗೆ ಕೆಲಸ ಕೊಡಬೇಕು ಅಂದುಕೊಂಡಿದ್ದಾಳೆ ಎಂದಿಟ್ಟುಕೊಳ್ಳಿ. ದೆಹಲಿಯ ಭಾಗ ಗೊತ್ತಿರುವಂಥದ್ದು: ಪುಡಿಗೆ 5% ಜಿಎಸ್‌ಟಿ, ಆದಾಯದಲ್ಲಿ 40% ತೆರಿಗೆ ಲೆಕ್ಕಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಆನ್‌ಲೈನ್‌ನಲ್ಲಿ. ಸಹಾಯಧನವೂ ಇದೆ. ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಯೋಜನೆಯ 35%ಕ್ಕೆ ಕರ್ನಾಟಕ ತನ್ನ 15% ಸೇರಿಸಿ 50% ಮಾಡಿತು, ಗರಿಷ್ಠ 15 ಲಕ್ಷ. ರಾಜ್ಯ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು. 15 ಕೋಟಿವರೆಗಿನ ಯೋಜನೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿಯೇ ಸಾಕು, ಬೆಂಗಳೂರಿಗೆ ಅಲೆಯಬೇಕಿಲ್ಲ.

ಆದರೆ ಸಹಾಯಧನ ಬರುವುದು ಬ್ಯಾಂಕ್ ಸಾಲದ ಜೊತೆ. ಬ್ಯಾಂಕು ಕೇಳುವುದು ಆರ್‌ಟಿಸಿ. ಶೆಡ್ಡು ಎಬ್ಬಿಸಲು ಪರಿವರ್ತನೆ ಆದ ಜಾಗ ಬೇಕಾಗಬಹುದು, ಪಂಚಾಯಿತಿಯ ಲೈಸೆನ್ಸ್ ಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಪರಿವರ್ತನೆಯ ಅರ್ಜಿ ಹಾಕಬೇಕಾದವರು ಆರ್‌ಟಿಸಿಯಲ್ಲಿ ಹೆಸರಿರುವವರು. ಆ ಹೆಸರು ಅವಳ ಮುತ್ತಜ್ಜನದ್ದಾಗಿದ್ದರೆ ಮೊದಲು ವಂಶವೃಕ್ಷ, ಮರಣ ಪತ್ರಗಳು, ಪುಣೆಯಲ್ಲೋ ದುಬೈಯಲ್ಲೋ ಇರುವ ದಾಯಾದಿಗಳ ಸಹಿ, ಆಮೇಲೆ ಪೌತಿ ಖಾತೆ. ಅಷ್ಟೂ ಆಗಿ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವ ಹೊತ್ತಿಗೆ ಮುಂದಿನ ಕುಯ್ಲು ಶುರುವಾಗಿರುತ್ತದೆ. ಬರುವ ಮಾರ್ಚ್‌ನಲ್ಲಿ ಕೊಡಗಿಗೆ ಏನು ಕೊಟ್ರು ಅಂತ ಪಟ್ಟಿ ನೋಡುವಾಗ, ಸರ್ವೆಯವರನ್ನೂ ಕಂದಾಯ ಸಿಬ್ಬಂದಿಯನ್ನೂ ಎಷ್ಟು ಜನ ಕೊಟ್ರು ಅಂತ ಕೂಡ ಹುಡುಕಿ.